ಮಾಬ್ಲಣ್ಣನ ನೀರಿನ ಕನ್ನಡಕ

ಸಿದ್ದಾಪುರದ ತಾಲ್ಲೂಕು ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಮಹಾಬಲೇಶ್ವರ ಹೆಗಡೆಯನ್ನು ಊರೆಲ್ಲ ಮಾಬ್ಲಣ್ಣ ಎಂದೇ ಕರೆಯುತ್ತದೆ. ಹೆಸರು ಕಿರಿದಾಗುವಾಗ ಅದರಲ್ಲಿದ್ದ ಬಲವೂ ಸೋರಿಹೋಯಿತೆಂದು ನನ್ನ ಅಭಿಪ್ರಾಯ. ನಾನು ಪಕ್ಕದ ಮನೆಯವನು, ಇಂಥ ಅಭಿಪ್ರಾಯ ಇಟ್ಟುಕೊಳ್ಳುವ ಹಕ್ಕು ನನಗಿದೆ. ಮನುಷ್ಯ ಸಾಧು. ಯಾರಿಗೂ ಇಲ್ಲ ಎನ್ನಲು ಬಾರದು. ಕಣ್ಣು ಮಾತ್ರ ಬಹಳ ಮಂದ. ಬಲಗಣ್ಣಿಗೆ ಮೈನಸ್ ಏಳು, ಎಡಗಣ್ಣಿಗೆ ಎಂಟೂವರೆ, ಅದರ ಮೇಲೆ ಸಿಲಿಂಡರ್ ಎಂಬ ಇನ್ನೊಂದು ದೋಷ. ಕನ್ನಡಕ ತೆಗೆದನೆಂದರೆ ಎದುರಿಗೆ ಇರುವುದು ಹೆಂಡತಿಯೋ ಬೀರುವೋ ಎಂಬುದನ್ನು ಮಾತಾಡಿಸಿಯೇ ತಿಳಿಯಬೇಕು.

ಇಂಥವನಿಗೆ ಡಾಕ್ಟರು ಈಜಲು ಹೇಳಿದರು. ದಿನವಿಡೀ ಯಂತ್ರದ ಮೇಲೆ ಬಗ್ಗಿ ಊರಿನವರ ಪಹಣಿ, ಆಧಾರುಗಳ ಪ್ರತಿ ತೆಗೆಯುತ್ತ ಅವನ ಸೊಂಟ ಹಿಡಿದುಕೊಂಡಿತ್ತು. "ಔಷಧ ಬೇಡ, ಈಜಿ" ಎಂದುಬಿಟ್ಟರು. ಈ ಮೂರು ಶಬ್ದಗಳಿಂದ ಸಿದ್ದಾಪುರದ ಒಂದು ಇಡೀ ಕೇರಿಯ ನೆಮ್ಮದಿ ಹಾಳಾಗುವುದೆಂದು ಅವರಿಗಾದರೂ ಹೇಗೆ ಗೊತ್ತಾಗಬೇಕು?

ಶಿರಸಿಯಲ್ಲಿ ಹೊಸದಾಗಿ ಒಂದು ಈಜುಕೊಳ ತೆರೆದಿತ್ತು. ಮಾಬ್ಲಣ್ಣ ಹೆಸರು ಹಚ್ಚಿಸಿ, ಕನ್ನಡಕ ತೆಗೆದಿಟ್ಟು, ಚಡ್ಡಿಯಲ್ಲಿ ದಂಡೆಗೆ ಬಂದ. ಅಲ್ಲಿ ನೀಲಿ ಅಂಗಿಯ ತರಬೇತುದಾರರು ನಿಂತಿದ್ದರು. ಕೈಮುಗಿದು, "ನೀರು ರಾಶಿ ತಂಪಿದ್ದಾ?" ಎಂದು ಕೇಳಿದ. ಉತ್ತರವಿಲ್ಲ. ಇನ್ನೊಂದು ಸಲ ಕೇಳಿದ. ದುಡ್ಡು ಕಟ್ಟಿ ಬಂದವನಿಗೆ ಇಷ್ಟು ಅಸಡ್ಡೆಯೇ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಅದು ನೀರಿಗೆ ಹಾಕುವ ಪುಡಿ ತುಂಬಿಟ್ಟ ಡ್ರಮ್ಮು. ನಿಜವಾದ ತರಬೇತುದಾರರು ಅವನ ಬೆನ್ನ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ನೀರಿಗೆ ಇಳಿದ ಮೇಲೆ ಸಂಗತಿ ಇನ್ನೂ ಗಂಭೀರವಾಯಿತು. ಹೆದರಿಕೆಯಾದರೆ ತೇಲುವ ಚೆಂಡು ಹಿಡಿದುಕೊಳ್ಳಿ ಎಂದಿದ್ದರು. ಮಾಬ್ಲಣ್ಣನ ಕೈಗೆ ಗುಂಡಗೆ, ನುಣ್ಣಗೆ ಒಂದು ವಸ್ತು ಸಿಕ್ಕಿತು. ಎರಡೂ ಕೈಯಿಂದ ಅದನ್ನು ಹಿಡಿದು ಮೈಭಾರವನ್ನೆಲ್ಲ ಬಿಟ್ಟ. ಅದು ಯಲ್ಲಾಪುರದ ಕಡೆಯ ನಿವೃತ್ತ ಅರಣ್ಯಾಧಿಕಾರಿಯೊಬ್ಬರ ತಲೆ. ತಲೆ ಮುಳುಗಿತು, ಸ್ವಲ್ಪ ಹೊತ್ತಿಗೆ ಮೇಲೆ ಬಂತು. ಚೆಂಡು ಮೇಲೆ ಬಂತೆಂದು ಮಾಬ್ಲಣ್ಣ ಮತ್ತೆ ಹಿಡಿದ.

"ಸರ್, ಪವರ್ ಇರೋ ಗಾಗಲ್ಸ್ ಸಿಗ್ತಾವೆ. ಅದನ್ನ ತಗೊಳೋವರೆಗೆ ದಯವಿಟ್ಟು ಬರಬೇಡಿ" ಎಂದರು ತರಬೇತುದಾರರು. ಅರಣ್ಯಾಧಿಕಾರಿಗಳು ಏನೆಂದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಕನ್ನಡಕ ಆರಿಸಲು ಮಾಬ್ಲಣ್ಣನ ಜೊತೆ ಹೆಂಡತಿ ರಾಜೀವಿ ಹೋದಳು. ಹಿರಿಯರೊಬ್ಬರು ಇರಲಿ ಎಂದು ನನ್ನನ್ನೂ ಕರೆದರು. ಹಿಂದೆ ಹೆಣ್ಣು ನೋಡಲು ಹೋದಾಗಲೂ ನಾನಿದ್ದೆ. ಆಗ ಇಷ್ಟು ಚರ್ಚೆಯಾಗಿರಲಿಲ್ಲ. ಶಿರಸಿಯ ಆ ಅಂಗಡಿಯ ಭರತ್ ಎಂಬ ತಾಳ್ಮೆಯ ಯುವಕ ಡಬ್ಬಿಗಳನ್ನು ಹರವಿ ವಿವರಿಸತೊಡಗಿದ. ಈ ಕನ್ನಡಕಗಳು ಸಿದ್ಧವಾಗಿಯೇ ಬರುತ್ತವೆ, ಅರ್ಧ ಅರ್ಧ ನಂಬರಿನ ಅಂತರದಲ್ಲಿ. ಎಡಗಣ್ಣಿನದು ಬೇರೆ, ಬಲಗಣ್ಣಿನದು ಬೇರೆ ತೆಗೆದುಕೊಂಡು ನಡುವೆ ಪಟ್ಟಿ ಹಾಕಿ ಜೋಡಿಸಿದರಾಯಿತು. ಸಿಲಿಂಡರ್ ಇದರಲ್ಲಿ ಬರುವುದಿಲ್ಲ, ಅದರ ಅರ್ಧ ಲೆಕ್ಕ ಹಿಡಿದು ನಂಬರಿಗೆ ಸೇರಿಸಿಕೊಳ್ಳಬೇಕು. ಮುಖಕ್ಕೆ ರಬ್ಬರು ಸರಿಯಾಗಿ ಕೂರುವುದು ನಂಬರಿಗಿಂತ ಮುಖ್ಯ.

"ಓದ ನಂಬರೂ ಹಾಕ್ಸಿಬಿಡಿ. ಒಂದೇ ಸಲಕ್ಕೆ ಆಗೋಗ್ತು" ಎಂದಳು ರಾಜೀವಿ.

"ನೀರೊಳಗೆ ಏನು ಓದ್ತಾರೆ ಅಮ್ಮ?"

"ಓದದು ಬ್ಯಾಡ. ಆದ್ರೆ ಇಪ್ಪದು ಒಳ್ಳೇದು."

ಭರತ್ ನನ್ನ ಮುಖ ನೋಡಿದ. ನಾನು ಗೋಡೆಯ ಕಡೆ ನೋಡಿದೆ.

"ಪಟ್ಟಿ ಹಾಕದೆ ಹಾಗೇ ಕಣ್ಣಿಗೆ ಒತ್ತಿ ನೋಡಿ ಸರ್. ಕೈ ಬಿಟ್ಟ ಮೇಲೂ ಒಂದೆರಡು ಕ್ಷಣ ಅಂಟಿಕೊಂಡಿದ್ರೆ ನಿಮ್ಮ ಮುಖಕ್ಕೆ ಸರಿ ಅಂತ ಅರ್ಥ" ಎಂದ ಭರತ್. ಮಾಬ್ಲಣ್ಣ ಒತ್ತಿದ. ಮಾಬ್ಲಣ್ಣ ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುವವನಲ್ಲ. ಅದು ಅಂಟಿಕೊಂಡಿತು. ಒಂದೆರಡು ಕ್ಷಣ ಕಳೆದರೂ ಅಂಟಿಕೊಂಡೇ ಇತ್ತು. ಎಳೆದರೆ ಬಾರದು. ಭರತ್ ಬೆರಳು ತೂರಿಸಿ ಗಾಳಿ ಬಿಟ್ಟು ಕಿತ್ತ ಮೇಲೆ ನೋಡಿದರೆ ಕಣ್ಣ ಸುತ್ತ ಎರಡು ಕೆಂಪು ಉಂಗುರ. ಸಂಜೆಯವರೆಗೂ ಅವು ಹೋಗಲಿಲ್ಲ.

ಕೊನೆಗೆ ಉಳಿದದ್ದು ಎರಡು ಜೋಡಿ. ಒಂದು ಸಾದಾ ಬಿಳಿಗಾಜಿನದು. ಇನ್ನೊಂದು ಹೊರಗಿನಿಂದ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ್ದು.

"ಬಿಳೀದೇ ಇರಲಿ ಸರ್. ಹೊಳೆಯೋದು ಬಿಸಿಲಿಗೆ ಚಲೋ. ಬೆಳಕು ಕಮ್ಮಿ ಇರೋ ಕಡೆ ಅದರಲ್ಲಿ ಏನೂ ಕಾಣಲ್ಲ."

ಮಾಬ್ಲಣ್ಣ ಹೊಳೆಯುವುದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡ. ಗದ್ದ ಸ್ವಲ್ಪ ಮೇಲೆತ್ತಿದ. ಜನ್ಮದಲ್ಲಿ ಮೊದಲ ಸಲ ಅವನ ಮುಖಕ್ಕೊಂದು ಗತ್ತು ಬಂದಿತ್ತು ಎಂಬುದನ್ನು ನಾನೂ ಒಪ್ಪಬೇಕು. ರಾಜೀವಿ ಆ ಗಾಜಿನಲ್ಲಿ ತನ್ನ ಸೆರಗು ಸರಿಮಾಡಿಕೊಂಡು, "ಇದೇ ಅಡ್ಡಿಲ್ಲೆ" ಎಂದಳು. ಅಲ್ಲಿಗೆ ನಿಶ್ಚಯವಾಯಿತು.

ಅದನ್ನು ಹಾಕಿಕೊಂಡು ಕೊಳಕ್ಕೆ ಇಳಿದ ಮೊದಲ ದಿನ ಮಾಬ್ಲಣ್ಣನಿಗೆ ನೀರಿನ ತಳದ ಹಂಚು, ಹಂಚಿನ ನಡುವಿನ ಗೆರೆ, ತನ್ನ ಕಾಲಿನ ಬೆರಳು ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಂಡವು. ಈಜು ಬಂತೆಂದಲ್ಲ. ಕಂಬಿ ಹಿಡಿದು ಕಾಲು ಬಡಿಯುವುದೊಂದು ಬಂತು. ಆದರೆ ಕಾಣುವ ಖುಷಿಯಲ್ಲಿ ತಲೆ ತಿರುಗಿ, ಮೇಲೆ ಬಂದು, ಬಟ್ಟೆ ಹಾಕಿಕೊಂಡು, ಬೂಟಿನೊಳಗೆ ಕಾಲು ತೂರಿಸಿದ. ಕಳೆದುಹೋಗಬಾರದೆಂದು ಮನೆಯ ಕನ್ನಡಕವನ್ನು ಆ ಬೂಟಿನೊಳಗೆ ಇಟ್ಟವನು ಅವನೇ.

ಅಷ್ಟು ದಪ್ಪ ನಂಬರಿನ ಗಾಜು ಹುಬ್ಬಳ್ಳಿಯಿಂದ ಬರಬೇಕು, ಒಂದು ವಾರವಾದರೂ ಬೇಕು ಎಂದ ಭರತ್. ಹೀಗಾಗಿ ಆ ದಿನ ಶಿರಸಿಯಿಂದ ಸಿದ್ದಾಪುರಕ್ಕೆ ಬರುವ ಬಸ್ಸಿನಲ್ಲಿ, ಬಿಳಿ ಅಂಗಿ, ಪಂಚೆ, ಹಣೆಗೆ ಗಂಧ, ಕಣ್ಣಿಗೆ ಈಜುವ ಕನ್ನಡಕ ಧರಿಸಿ ಮಾಬ್ಲಣ್ಣ ಕುಳಿತಿದ್ದ. ಅವನೊಡನೆ ಮಾತಾಡಲು ತಿರುಗಿದವರಿಗೆಲ್ಲ ತಮ್ಮದೇ ಮುಖ ಎರಡೆರಡು ಕಾಣುತ್ತಿತ್ತು. ಟಿಕೆಟು ಕೊಡಲು ಬಂದ ಕಂಡಕ್ಟರು ಆ ಕನ್ನಡಿಯಲ್ಲಿ ಮೀಸೆ ತೀಡಿಕೊಂಡು ಹೋದ.

ನಮ್ಮ ಹಿಂದಿನ ಮನೆಗೆ ಸೊಸೆಯಾಗಿ ಬಂದ ಸ್ಫೂರ್ತಿ ಅದೇ ಬಸ್ಸಿನಲ್ಲಿದ್ದಳು. "ಮಾಬ್ಲಣ್ಣಾ, ಎಂತ ಇದು? ಕಣ್ಣಿಂದು ಆಪರೇಷನ್ ಆತನ?" ಎಂದು ಕೇಳಿದಳು. ತನ್ನ ಕನ್ನಡಕವನ್ನು ತಾನೇ ತುಳಿದೆ ಎಂದು ಇಡೀ ಬಸ್ಸಿನ ಎದುರು ಹೇಳುವುದು ಹೇಗೆ?

"ಇದು ನೀರಿನ ಕನ್ನಡಕ," ಎಂದ ಗಂಭೀರವಾಗಿ. "ನೀರಡಿಗೆ ಎಂತ ಬಿದ್ರೂ ದೊಡ್ಡದಾಗಿ ಕಾಣ್ತು. ಆ ಬದಿಯ ಕೆಲಸ ಸ್ವಲ್ಪ ಶುರು ಮಾಡಿದ್ದಿ."

ಆ ಕೊನೆಯ ವಾಕ್ಯ ಬೇಡವಾಗಿತ್ತು.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಪಾತಾಳಗರಡಿಯ ವಿಷಯ ಹೇಳಬೇಕು. ಬಾವಿಗೆ ಕೊಡ ಬಿದ್ದರೆ ತೆಗೆಯುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಬಾವಿಯ ತಳದಲ್ಲಿ ಆಡಿಸಿದರೆ ಕೊಡ ಸಿಕ್ಕಿಕೊಂಡು ಬರುತ್ತದೆ. ಕೇರಿಗೊಂದು ಮನೆಯಲ್ಲಿ ಇರುತ್ತದೆ, ಉಳಿದವರು ಎರವಲು ತರಬೇಕು. ಆದರೆ ಬರಿಗೈಯಲ್ಲಿ ಹೋಗಿ ಕೇಳುವಂತಿಲ್ಲ. ನಿಮ್ಮ ಮನೆಯ ಒಂದು ಪಾತ್ರೆಯನ್ನು ಆ ಮನೆಯಲ್ಲಿ ಇಟ್ಟು, ಗರಡಿ ತಂದು, ಕೆಲಸ ಮುಗಿಸಿ, ಹಿಂದೆ ಕೊಟ್ಟು, ಪಾತ್ರೆ ಬಿಡಿಸಿಕೊಳ್ಳಬೇಕು. ಹಾಗೆಯೇ ಪಾತ್ರೆ ಬಂದು ಕೂತ ಮೇಲೆ ಆ ಮನೆಯವರು ಕೊಡುವುದಿಲ್ಲ ಎನ್ನುವಂತೆಯೂ ಇಲ್ಲ. ಅದು ನಮ್ಮ ಕಡೆಯ ಮರ್ಯಾದೆ. ಇದನ್ನು ಮುರಿದವರನ್ನು ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಸ್ಫೂರ್ತಿ ಒಂದು ತಾಮ್ರದ ತಂಬಿಗೆ ತಂದು ಮಾಬ್ಲಣ್ಣನ ಜಗಲಿಯ ಮೇಲಿಟ್ಟಳು.

"ರಾಜೀವಕ್ಕಾ, ಮಗುವಿನ ಬೆಳ್ಳಿ ಬಟ್ಟಲು ಬಾವಿಗೆ ಬಿದ್ದೋಯ್ದು. ಕೊಕ್ಕೆಗೆ ಸಿಕ್ತಿಲ್ಲೆ. ಮಾಬ್ಲಣ್ಣನ್ನ ಒಂದು ತಾಸು ಕೊಡು. ಕೆಲಸ ಆದ ಕೂಡ್ಲೆ ತಂದು ಬಿಡ್ತ್ಯ."

ರಾಜೀವಿ ತಂಬಿಗೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನನ್ನು ಯಾರೂ ಎರವಲು ಕೇಳಿರಲಿಲ್ಲ. ಆಕೆಗೆ ಸ್ವಲ್ಪ ಹೆಮ್ಮೆಯೇ ಆಯಿತು. ತಂಬಿಗೆ ಒಳಗಿಟ್ಟಳು.

ಸುದ್ದಿ ಹರಡಲು ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಚರಿಗೆ ಬಂತು, ಕಂಚಿನ ಗಿಂಡಿ ಬಂತು, ಸ್ಟೀಲಿನ ಡಬ್ಬಿ ಬಂತು. ಮೂಗುತಿ ಬಿದ್ದವರು, ಬೀಗದ ಕೈ ಬಿದ್ದವರು, ಪಂಪಿನ ತುದಿಯ ವಾಲ್ವು ಬಿದ್ದವರು ಸಾಲಾಗಿ ಬಂದರು. ನಮ್ಮ ಮನೆಯಿಂದಲೂ ಒಂದು ಹಿತ್ತಾಳೆ ಚೊಂಬು ಹೋಗಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಯಲ್ಲಾಪುರದಿಂದ ರಾಜೀವಿಯ ತಮ್ಮ ಸುಹಾಸ ಫೋನು ಮಾಡಿದ. "ಭಾವಾ, ಅರಬೈಲ್ ಘಟ್ಟದಲ್ಲಿ ಸೆಲ್ಫಿ ತೆಗೆಯಕ್ಕಾರೆ ಮೊಬೈಲು ಹಳ್ಳಕ್ಕೆ ಬಿದ್ದೋತು. ಆದಿತ್ಯವಾರ ಬಂದು ನೋಡಿಕೊಡು. ಪಾತ್ರೆ ಬಸ್ಸಿಗೆ ಹಾಕ್ತೆ." ಮಧ್ಯಾಹ್ನದ ಬಸ್ಸಿನ ಡ್ರೈವರು ಒಂದು ಇಡ್ಲಿ ಅಟ್ಟವನ್ನು ಮಾಬ್ಲಣ್ಣನ ಅಂಗಡಿಗೆ ತಲುಪಿಸಿ ಹೋದ.

ಮಾಬ್ಲಣ್ಣ ಒಬ್ಬೊಬ್ಬರಿಗೆ ಒಂದೊಂದು ನೆಪ ಹೇಳಿದ. ರಬ್ಬರು ಇನ್ನೂ ಹದಕ್ಕೆ ಬರಬೇಕು ಎಂದ. ಅಮಾವಾಸ್ಯೆಯ ಎದುರಿಗೆ ಬಾವಿ ಇಳಿಯಲಾಗ ಎಂದ. ನೀರು ಕದಡಿದ್ದು, ತಿಳಿಯಾಗಲಿ ಎಂದ. ಕಣ್ಣಿಗೆ ಅದೇ ಕನ್ನಡಕ ಹಾಕಿಕೊಂಡು, ಯಂತ್ರದ ಮುಂದೆ ನಿಂತು ಹೇಳಿದ್ದರಿಂದ ಜನ ಭಕ್ತಿಯಿಂದ ಕೇಳಿದರು. ಹುಬ್ಬಳ್ಳಿಯ ಗಾಜು ಬಂದುಬಿಟ್ಟರೆ ಮರ್ಯಾದೆ ಉಳಿಯುತ್ತದೆಂದು ಅವನು ಕಾಯುತ್ತಿದ್ದ.

ಗಾಜಿಗಿಂತ ಮೊದಲು ಗುರುಶಾಂತವ್ವ ಬಂದಳು.

ನಮ್ಮ ಕೇರಿಯ ಕಿರಾಣಿ ಅಂಗಡಿಯ ನಾಗಪ್ಪನ ತಾಯಿ ಅವಳು. ಬನವಾಸಿ ಕಡೆಯವರು, ಸಿದ್ದಾಪುರಕ್ಕೆ ಬಂದು ಬಹಳ ವರ್ಷವಾಯಿತು. ಮುದುಕಿ ಯಾರ ಮನೆಯ ನೀರನ್ನೂ ಮುಟ್ಟಿದವಳಲ್ಲ, ಯಾರ ಮನೆಯ ಮೆಟ್ಟಿಲನ್ನೂ ಸುಮ್ಮನೆ ಹತ್ತಿದವಳಲ್ಲ. ಪೂಜೆಗೆ ಮೋಟರಿನ ನೀರು ಒಲ್ಲೆನೆಂದು ಬೆಳಗಾಗುವಾಗ ತಾನೇ ಬಾವಿಯಿಂದ ಒಂದು ಕೊಡ ಸೇದುತ್ತಿದ್ದಳು. ಹಿಂದಿನ ದಿನ ಹಾಗೆ ಬಗ್ಗಿದಾಗ ಶಿವದಾರ ಹರಿದು, ಕೊರಳಲ್ಲಿದ್ದ ಲಿಂಗ ಅದನ್ನಿಟ್ಟ ಬೆಳ್ಳಿಯ ಕರಡಿಗೆಯ ಸಮೇತ ಬಾವಿಗೆ ಬಿದ್ದಿತ್ತು. ಲಿಂಗಪೂಜೆಯಾಗದೆ ಅವಳು ಅನ್ನ ಮುಟ್ಟುವುದಿಲ್ಲ. ಹಿಂದಿನ ದಿನದಿಂದ ಮುಟ್ಟಿರಲಿಲ್ಲ.

ನಾಗಪ್ಪ ತಾಯಿಯ ಹಿಂದೆಯೇ ಬಂದ. ಅವನ ಮುಖ ಬಾಡಿತ್ತು. "ಹೆಗಡೇರ, ಸ್ವಾಮಿಗಳಿಗೆ ಫೋನ್ ಮಾಡೇನ್ರಿ. ಹೊಸಾದು ಕಟ್ತೇನಿ ಅಂದಾರ. ಅವ್ವ ಒಲ್ಲೆ ಅಂತಾಳ. ಬಾವಿ ತೊಳಿಯೋ ಕೆರಿಯ ಅನ್ನಾಂವ ಗೋವಾಕ್ಕ ಹೋಗ್ಯಾನ. ಎರಡು ಮೋಟರ್ ಹಚ್ಚಿ ನೋಡಿದ್ವಿ, ನೀರಿನ ಸೆಲಿ ಜೋರ ಐತಿ, ನೀರು ಇಳಿವಲ್ದು."

"ಪಾತಾಳಗರಡಿ?" ಎಂದೆ ನಾನು.

"ದೇವರಿಗೆ ಕಬ್ಬಿಣದ ಕೊಕ್ಕಿ ಹಾಕತೀರೇನ್ರಿ?" ಎಂದಳು ಗುರುಶಾಂತವ್ವ. ಆ ದನಿಯಲ್ಲಿ ಸಿಟ್ಟಿರಲಿಲ್ಲ. "ಐದು ವರ್ಷದಾಕಿ ಇದ್ದಾಗ ನಮ್ಮಪ್ಪ ಕಟ್ಟಿಸಿದ್ದು. ಅವತ್ತಿನಿಂದ ಅದನ್ನ ಬಿಟ್ಟು ಒಂದು ತುತ್ತು ಉಂಡಾಕಿ ಅಲ್ಲ. ಅದು ನೀರಾಗ ಕುಂತದ, ನಾ ಹೆಂಗ ಉಣ್ಣಲಿ?"

ಹೀಗೆ ಹೇಳಿ ಸೆರಗಿನ ಮರೆಯಿಂದ ಒಂದು ಹಿತ್ತಾಳೆಯ ತಂಬಿಗೆ ತೆಗೆದು ಜಗಲಿಯ ಮೇಲಿಟ್ಟಳು. ಬೆಳಗಿ ಬೆಳಗಿ ಅದರ ಕಂಠ ಸವೆದುಹೋಗಿತ್ತು.

ಮಾಬ್ಲಣ್ಣ ಬಗ್ಗಿ ಆ ತಂಬಿಗೆಯ ಕಂಠ ಮುಟ್ಟಿ ನೋಡಿದ. ನೆಪಗಳೆಲ್ಲ ಮುಗಿದಿದ್ದವು. ಕೊನೆಗೆ ಆ ವಾರ ಯಾರಿಗೂ ಹೇಳದ ಸತ್ಯವನ್ನು ಹೇಳಿದ.

"ಅಮ್ಮಾ, ನನಗೆ ಈಜಲಿಕ್ಕೆ ಬರೂದಿಲ್ಲ."

"ಪಾತಾಳಗರಡಿಗೆಲ್ಲಿ ಈಜಾಕ ಬರತೈತ್ರಿ?" ಎಂದಳು ಗುರುಶಾಂತವ್ವ. "ಹಗ್ಗ ಗಟ್ಟಿ ಇದ್ರ ಸಾಕು."

ರಾಜೀವಿ ತಂಬಿಗೆಯನ್ನು ಒಳಗಿಟ್ಟಳು.

ಮಧ್ಯಾಹ್ನ ನಾಗಪ್ಪನ ಹಿತ್ತಿಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಟ್ಟಣ ಪಂಚಾಯತಿಯಿಂದ ಉಲ್ಲಾಸ ಎಂಬ ಅಧಿಕಾರಿ ಬಂದು, ಅನುಮತಿ ಇಲ್ಲದೆ ಬಾವಿ ಇಳಿಯುವುದು ತಪ್ಪು, ಇದನ್ನು ಕೂಡಲೇ ನಿಲ್ಲಿಸಬೇಕು ಎಂದ. ಗುರುಶಾಂತವ್ವ ಅವನ ಕಡೆ ಒಂದು ಸಲ ನೋಡಿದಳು. ಮರುಕ್ಷಣ ಉಲ್ಲಾಸ ಹಗ್ಗ ಹಿಡಿಯುವವರ ಸಾಲಿನಲ್ಲಿ ನನಗಿಂತ ಮುಂದೆ ನಿಂತಿದ್ದ. ಸರಕಾರಿ ಮನುಷ್ಯ ಹಗ್ಗ ಹಿಡಿದದ್ದರಿಂದ ಕೆಲಸಕ್ಕೆ ಒಂದು ಶಿಸ್ತು ಬಂತು. "ಹೆಗಡೆಯವರೇ, ಒಂದು ಸಲ ಎಳೆದರೆ ಮೇಲೆ. ಎರಡು ಸಲ ಎಳೆದರೆ ಕೆಳಗೆ. ನೆನಪಿರಲಿ" ಎಂದು ಆದೇಶ ಕೊಟ್ಟ.

ಮಾಬ್ಲಣ್ಣನ ಸೊಂಟಕ್ಕೆ ಹಗ್ಗ ಸುತ್ತಿ, ಹಲಗೆಯ ಮೇಲೆ ಕೂರಿಸಿ, ಮುಳುಗಲೆಂದು ತೊಡೆಯ ಮೇಲೆ ನಾಗಪ್ಪನ ಮನೆಯ ಒರಳುಗುಂಡು ಇಟ್ಟೆವು.

"ಚಂದಗುಳಿ ಗಣಪತಿಗೆ ಘಂಟೆ ಕಟ್ತೆ ಹೇಳಿ ಹರಕೆ ಹೊತ್ತಿದ್ದಿ," ಎಂದಳು ರಾಜೀವಿ. ಮೊದಲ ದಿನದ ಹೆಮ್ಮೆಯೆಲ್ಲ ಇಳಿದಿತ್ತು. "ದೊಡ್ಡ ಘಂಟೆನೇ ಕಟ್ತೆ. ನಿಂಗ ಮೇಲೆ ಬನ್ನಿ."

ಇಳಿಸಿದೆವು. "ತಂಪಿದ್ದೋ!" ಎಂಬ ಕೂಗು ಬಾವಿಯೊಳಗಿನಿಂದ ಬಂತು. ಮತ್ತೆ ಗುಳಕ್ಕೆಂದು ಸದ್ದಾಗಿ ಎಲ್ಲ ಸುಮ್ಮನಾಯಿತು.

ಭರತ್ ಹೇಳಿದ್ದ ಮಾತು ಅಲ್ಲಿ ನಿಜವಾಯಿತು. ಮಧ್ಯಾಹ್ನದ ಬಿಸಿಲಿಗೆ ಮಾಡಿದ ಆ ಹೊಳೆಯುವ ಗಾಜು ಬಾವಿಯ ಕತ್ತಲೆಯಲ್ಲಿ ಬರೀ ಕಪ್ಪಾಯಿತು. ಮಾಬ್ಲಣ್ಣ ಗಾಬರಿಯಾಗಿ ಹಗ್ಗ ಎಳೆಯತೊಡಗಿದ.

"ಎಷ್ಟು ಎಳದ್ರು?" ಎಂದ ನಾಗಪ್ಪ.

"ಆರು," ಎಂದ ಉಲ್ಲಾಸ. "ಎರಡು ಅಂದ್ರೆ ಕೆಳಗೆ. ಆರು ಅಂದ್ರೆ ಮೂರು ಸಲ ಕೆಳಗೆ. ಬಿಡಿ."

ಬಿಟ್ಟೆವು. ಹಗ್ಗ ಹುಚ್ಚೆದ್ದು ಕುಣಿಯಿತು. ರಾಜೀವಿ ಬಂದು ಉಲ್ಲಾಸನ ಕೈಗೆ ಬಲವಾಗಿ ಹೊಡೆದಳು, ನಾವು ಎಳೆದೆವು. ಒರಳುಗುಂಡು ಬಾವಿಯಲ್ಲೇ ಉಳಿದು ಮಾಬ್ಲಣ್ಣ ಮೇಲೆ ಬಂದ. ಅವನ ಕೈಯಲ್ಲಿ ಒಂದು ಸೌಟು ಇತ್ತು.

"ಅದು ನಮ್ಮನೆದು!" ಎಂದು ಜನರ ನಡುವಿನಿಂದ ಒಬ್ಬಳು ಕೂಗಿದಳು. ಅವಳ ಮನೆಯ ಸೌಟು ನಾಗಪ್ಪನ ಬಾವಿಗೆ ಹೇಗೆ ಬಂತೆಂದು ನಾಗಪ್ಪನ ಹೆಂಡತಿ ಮಹೇಶ್ವರಿ ಕೇಳಿದಳು. ಮದುವೆಯ ಅಡುಗೆಗೆ ಎರವಲು ಒಯ್ದವರು ಯಾರು ಎಂದು ಮೊದಲಿನವಳು ಕೇಳಿದಳು. ಮಾತು ಬೆಳೆಯುವಷ್ಟರಲ್ಲಿ ಗುರುಶಾಂತವ್ವ ಕಟ್ಟೆಯ ಮೇಲೆ ಕುಳಿತಲ್ಲೇ ಸ್ವಲ್ಪ ವಾಲಿದಳು. ಅವಳ ಕಣ್ಣಿಗೆ ಕತ್ತಲೆ ಬಂದಿತ್ತು. ನಾಗಪ್ಪ ಓಡಿಹೋಗಿ ಹಿಡಿದುಕೊಂಡ. ನೀರು ಕೊಟ್ಟರೆ ಬೇಡವೆಂದು ಕೈ ಆಡಿಸಿದಳು.

ಇದು ಮಾಬ್ಲಣ್ಣನಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. "ಇನ್ನೊಂದು ಗುಂಡುಕಲ್ಲು ತಗಂಬನ್ನಿ" ಎಂದ. ನಮ್ಮ ಮನೆಯ ಒರಳುಗುಂಡು ಬಂತು.

ಎರಡನೆಯ ಸಲ ಅವನು ಬಹಳ ಹೊತ್ತು ಕೆಳಗೇ ಇದ್ದ. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಇಳಿಯುವಾಗ ಬಾವಿಯ ಜಂಬಿಟ್ಟಿಗೆ ಕಲ್ಲಿನ ಮೂಲೆಗೆ ಕನ್ನಡಕದ ಪಟ್ಟಿ ಸಿಕ್ಕಿಕೊಂಡು ಹರಿಯಿತು. ನಾವು ಶಿರಸಿಗೆ ಹೋಗಿ, ಚರ್ಚೆ ಮಾಡಿ, ಅರ್ಧ ಅರ್ಧ ನಂಬರು ಲೆಕ್ಕ ಹಾಕಿ ಆರಿಸಿದ ಆ ಕನ್ನಡಕ ಎತ್ತಲೋ ಹೋಯಿತು. ಮಾಬ್ಲಣ್ಣ ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಕೆಸರಿನಲ್ಲಿ ಕೈಯಾಡಿಸಿದ. ಕೈಗೆ ಕಲ್ಲು ಸಿಕ್ಕಿತು, ಕೆಸರು ಸಿಕ್ಕಿತು, ಮೊದಲಿನ ಒರಳುಗುಂಡು ಸಿಕ್ಕಿತು. ಮತ್ತೇನೂ ಸಿಗಲಿಲ್ಲ. ಎದೆ ಒಡೆಯುವಂತಾದಾಗ ಒಂದೇ ಸಲ ಹಗ್ಗ ಎಳೆದ.

ಮೇಲೆ ಬಂದವನ ಕಣ್ಣಿಗೆ ಕನ್ನಡಕವಿರಲಿಲ್ಲ. ಮೈಯೆಲ್ಲ ಕೆಸರು. ಕಟ್ಟೆಯ ಮೇಲೆ ಕೂರಿಸಿದರೆ, ಕಾಲು ಕೆಳಗೆ ಬಿಟ್ಟುಕೊಂಡು, ಸಣ್ಣ ಮಕ್ಕಳಂತೆ ಗಟ್ಟಿಯಾಗಿ ಅಳತೊಡಗಿದ.

"ಸಿಕ್ಕಿದ್ದಿಲ್ಲೆ. ಎಂಗೆ ಎಂತದೂ ಕಾಣ್ಲಿಲ್ಲೆ."

ನಾವೆಲ್ಲ ಅವನ ಬಲಗಾಲನ್ನು ನೋಡುತ್ತಿದ್ದೆವು. ಹೆಬ್ಬೆರಳಿಗೆ ಹರಿದ ಶಿವದಾರ ಸುತ್ತಿಕೊಂಡಿತ್ತು. ಅದರ ತುದಿಗೆ ಬೆಳ್ಳಿಯ ಕರಡಿಗೆ ನೀರು ತೊಟ್ಟಿಕ್ಕಿಸುತ್ತ ತೂಗಾಡುತ್ತಿತ್ತು.

ಗುರುಶಾಂತವ್ವ ಎದ್ದು ಬಂದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಅವನ ಮುಂದೆ ನೆಲಕ್ಕೆ ಕುಳಿತು ಎರಡೂ ಕೈಯಿಂದ ಆ ಕಾಲನ್ನು ಹಿಡಿದುಕೊಂಡಳು.

ಮಾಬ್ಲಣ್ಣನಿಗೆ ಕಂಡದ್ದು ಒಂದು ಬಿಳಿಯ ತಲೆ ಮಾತ್ರ. ಅವನು ಹೌಹಾರಿದ. "ಅಮ್ಮಾ, ಕಾಲು ಹಿಡೀಬೇಡಿ! ನೀವು ಹಿರಿಯರು. ಅಳಬೇಡಿ," ಎಂದು ಕೂಗಿದ. ಮತ್ತೆ ನಮ್ಮ ಕಡೆಗೆಂದು ತಿಳಿದು ಬಾಳೆಗಿಡದ ಕಡೆ ತಿರುಗಿ, "ಎಂತ ನೋಡ್ತಾ ನಿಂತಿದ್ರಿ? ಹಗ್ಗ ಕಟ್ಟಿ. ಎನ್ನ ಇನ್ನೊಂದ್ಸಲ ಇಳ್ಸಿ. ಸಿಗೋವರೆಗೂ ಇಳ್ಸಿ!" ಎಂದ.

ನಾನು ಮಾಬ್ಲಣ್ಣನ ಬಗ್ಗೆ ಮೊದಲಿಗೆ ಹೇಳಿದ ಅಭಿಪ್ರಾಯವನ್ನು ಆಗಲೇ ಹಿಂದಕ್ಕೆ ತೆಗೆದುಕೊಂಡೆ. ಅವನ ಭುಜ ಹಿಡಿದು, "ಸಿಕ್ಕಿದ್ದು ಮಾರಾಯ. ನಿನ್ನ ಕಾಲಲ್ಲೇ ಇದ್ದು" ಎಂದೆ. ಅವನು ನಂಬಲಿಲ್ಲ. ರಾಜೀವಿ ಹೇಳಿದ ಮೇಲೆ ನಂಬಿದ, ಮತ್ತೂ ಜೋರಾಗಿ ಅತ್ತ.

ಉಲ್ಲಾಸನಿಗೆ ಮಾತ್ರ ಒಂದು ಸಂದೇಹ ಉಳಿದಿತ್ತು. "ಕಾಲಿಗೆ ತಾಗಿದೆಯಲ್ಲ. ಶುದ್ಧಿ ಗಿದ್ಧಿ ಏನಾದರೂ..." ಎಂದು ಮೆಲ್ಲಗೆ ತೆಗೆದ.

ಗುರುಶಾಂತವ್ವ ದಾರ ಬಿಡಿಸುತ್ತ ತಲೆ ಎತ್ತದೆಯೇ ಹೇಳಿದಳು: "ನೀರಾಗ ಬಿದ್ದಾಂವ ಸಿಕ್ಕಿದ್ದನ್ನ ಹಿಡಕೊಂಡು ಮ್ಯಾಲೆ ಬರ್ತಾನ. ದೇವರಾದ್ರೇನು? ಕಾಲ್ ಸಿಕ್ತು, ಕಾಲ್ ಹಿಡಕೊಂಡ ಬಂದ. ನಿಮಗೇನ್ ತ್ರಾಸು?"

ಪಂಚಾಯತಿಗೆ ಯಾವ ತ್ರಾಸೂ ಇರಲಿಲ್ಲ.

ಅವಳು ಸ್ನಾನ ಮಾಡಿ ಪೂಜೆಗೆ ಕುಳಿತಳು. ಮಾಬ್ಲಣ್ಣನಿಗೆ ಕಂಬಳಿ ಹೊದಿಸಿ ನಾಗಪ್ಪನ ಪಡಸಾಲೆಯಲ್ಲಿ ಕೂರಿಸಿದ್ದರು. ಒಣಬಟ್ಟೆ ತರಲು ರಾಜೀವಿ ಮನೆಗೆ ಓಡಿದ್ದಳು. ಕನ್ನಡಕವೇ ಬಾವಿಯ ಪಾಲಾಯಿತೆಂದು ತಿಳಿದ ಹೆಂಗಸರು ಒಬ್ಬೊಬ್ಬರಾಗಿ ಅವಳ ಹಿಂದೆ ಹೋಗಿ ತಮ್ಮ ತಮ್ಮ ಪಾತ್ರೆ ಬಿಡಿಸಿಕೊಂಡು ಬಂದರು. ಆದರೆ ಯಾರೂ ಮನೆಗೆ ಹೋಗಲಿಲ್ಲ. ಎಲ್ಲರೂ ನಾಗಪ್ಪನ ಅಂಗಳದಲ್ಲೇ ಪಾತ್ರೆ ಹಿಡಿದುಕೊಂಡು ನಿಂತಿದ್ದರು.

"ಉಂಡ್ರಾ ಅಮ್ಮ?" ಎಂದು ಮಾಬ್ಲಣ್ಣ ಕೇಳಿದ.

"ಇನ್ನೂ ಇಲ್ಲೆ. ಪೂಜೆ ಆಗ್ತಾ ಇದ್ದು" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. ನಾನು ಅದನ್ನೇ ಹೇಳಿದೆ.

ಆಮೇಲೆ ಗುರುಶಾಂತವ್ವ ಹೊರಗೆ ಬಂದಳು. ಹಣೆಯ ಮೇಲೆ ಹೊಸ ವಿಭೂತಿ, ಕೊರಳಲ್ಲಿ ಹೊಸ ದಾರ, ಕೈಯಲ್ಲಿ ತಾಟು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬಾಗಿಲಲ್ಲಿ ನಿಂತು, ರೊಟ್ಟಿ ಮುರಿದು, ಚಟ್ನಿಗೆ ಒತ್ತಿ, ಮೊದಲ ತುತ್ತು ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದು ನುಂಗಿದಳು. ನಾಗಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು ಹೆಗಲ ಮೇಲಿನ ಟವಲಿನಿಂದ ಕಣ್ಣು ಒರೆಸಿಕೊಂಡ.

ಎರಡನೆಯ ತುತ್ತನ್ನು ಅವಳು ಮಾಬ್ಲಣ್ಣನ ಬಾಯಿಯ ಹತ್ತಿರ ತಂದಳು. ಏನೋ ಒಂದು ತನ್ನ ಮುಖದ ಕಡೆ ಬರುತ್ತಿದೆ ಎಂಬಷ್ಟು ಅವನಿಗೆ ಕಂಡಿರಬೇಕು. ತಿನ್ನಿಸುವವಳು ರಾಜೀವಿಯಲ್ಲದೆ ಇನ್ಯಾರು? ಬಾಯಿ ತೆರೆದ. ಅಗಿದ. ಮುಖ ಕೆಂಪಾಯಿತು.

"ಎಂತ ಖಾರವೇ ಮಾರಾಯ್ತಿ ಇದು! ನಾಲಗೆ ಸುಟ್ಟೋತು. ಅಡಿಗೆ ಮಾಡಕ್ಕಾರೆ ನಿಂಗೆ ಲಕ್ಷ್ಯ ಎಲ್ಲಿರ್ತು?"

ಗುರುಶಾಂತವ್ವ ತಾಟು ನೋಡಿಕೊಂಡಳು, ಅವನನ್ನು ನೋಡಿದಳು, ಇನ್ನೊಂದು ತುತ್ತು ಮುರಿದಳು.

"ಹಸದಾಕಿಗೆ ಖಾರ ತಿಳೀಲಿಲ್ಲರಿ ಹೆಗಡೇರ," ಎಂದಳು. "ಬಾಯಿ ತೆಗೀರಿ."

ಮಾಬ್ಲಣ್ಣನಿಗೆ ದನಿ ಗುರುತಾಯಿತು. ಕಂಬಳಿಯ ಒಳಗಿನಿಂದ ಎರಡೂ ಕೈ ತೆಗೆದು ಮುಗಿದ. ಆಮೇಲೆ ಬಾಯಿ ತೆರೆದ.